ಲೋಕಕ್ಕ ಮನಶ್ಶಾಸ್ತ್ರ ಓದಿದ್ದು

ನಮ್ಮೂರಿನ ಕಾಲೇಜಿನಲ್ಲಿ ಬಿ.ಎ.ಗೆ ಮನಶ್ಶಾಸ್ತ್ರ ತೆಗೆದುಕೊಂಡವರು ಆ ವರ್ಷ ಮೂರೇ ಜನ: ನಾನು, ಬೇಕರಿ ಮನೆಯ ದಾದಾಪೀರ್, ಮತ್ತು ಐವತ್ತೊಂದು ವರ್ಷದ ಲೋಕಮ್ಮ. ಮೊದಲ ದಿನ ಅವರು ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ತರಗತಿಯೊಳಗೆ ಬಂದಾಗ ಹೊಸ ಮೇಡಂ ಬಂದರೆಂದು ನಾವಿಬ್ಬರೂ ಎದ್ದು ನಿಂತೆವು. ಅವರು ತಮ್ಮ ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿ ನೋಡಿ, ಯಾರೂ ಇಲ್ಲದ್ದು ಕಂಡು, "ಕೂತ್ಕೊಳ್ರಪ್ಪ, ನಾನೂ ನಿಮ್ಮ ಹಾಗೇ ಅಡ್ಮಿಷನ್ ಮಾಡಿಸಿರೋಳು" ಎಂದು ನನ್ನ ಪಕ್ಕದಲ್ಲೇ ಕೂತರು. ಆ ಬೆಂಚಿನಲ್ಲಿ ಮೂರು ವರ್ಷ ನಾವು ಜಾಗ ಬದಲಿಸಲಿಲ್ಲ.

ನಮ್ಮೂರಿನಲ್ಲಿ ಯಾರಾದರೂ ಹೇಳಿಕೊಳ್ಳದ ದುಃಖ ಇಟ್ಟುಕೊಂಡು ಮಲಗಿದರೆ ಬೆಳಗ್ಗೆ ಆ ಮನೆಯ ನೀರು ಉಪ್ಪಾಗಿರುತ್ತದೆ. ಕೊಡ, ಹಂಡೆ, ತೊಟ್ಟಿ, ಹೂಜಿ ಎಲ್ಲದರಲ್ಲೂ. ನಲ್ಲಿಯಲ್ಲಿ ಬರುವಾಗ ಸಿಹಿಯಾಗಿಯೇ ಬರುತ್ತದೆ. ಹೊಸ್ತಿಲು ದಾಟಿ ಒಂದು ರಾತ್ರಿ ಕಳೆದರೆ ಆಯಿತು. ಹಾಗಾಗಿ ನಾವು ಕುಶಲ ಕೇಳುವಾಗ ಚೆನ್ನಾಗಿದ್ದೀರಾ ಎನ್ನುವುದಿಲ್ಲ, ನೀರು ಹೇಗಿದೆ ಎನ್ನುತ್ತೇವೆ. ಉಪ್ಪಾದ ದಿನ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಹೆಣ್ಣು ನೋಡಲು ಬಂದವರು ತಿಂಡಿ ಮುಟ್ಟುವ ಮೊದಲು ನೀರು ಕೇಳುತ್ತಾರೆ. ಹುಷಾರಿನ ತಾಯಂದಿರು ಪಕ್ಕದ ಮನೆಯಿಂದ ಒಂದು ತಂಬಿಗೆ ಮೊದಲೇ ತಂದಿಟ್ಟಿರುತ್ತಾರೆ. ಯಾರ ಮನೆಯದು ಉಪ್ಪಾದರೂ ಬೀದಿಯವರು ಮಜ್ಜಿಗೆ ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಕೂತು, ಯಾರದು, ಏನಾಯಿತು, ಹೇಳಿಬಿಡು ಎಂದು ಕೇಳುವುದು ಪದ್ಧತಿ. ಬೈದೋ ಅತ್ತೋ ಹೇಳಿಬಿಟ್ಟರೆ ಮರುದಿನಕ್ಕೋ ಎರಡು ದಿನಕ್ಕೋ ನೀರು ಸರಿಹೋಗುತ್ತದೆ.

ಇಂಥ ಊರಿನಲ್ಲಿ ಮನಶ್ಶಾಸ್ತ್ರ ಓದುತ್ತೇನೆಂದರೆ ಯಾರು ನಗುವುದಿಲ್ಲ? ಎಲ್ಲರಿಗಿಂತ ಹೆಚ್ಚು ನಕ್ಕವನು ನನ್ನ ಅಪ್ಪ ಕೆಂಚಪ್ಪ. ಅಪ್ಪ ಪುರಸಭೆಯ ನೀರುಗಂಟಿ. ಬೀದಿಬೀದಿಯ ನೀರು ಬಿಡುವುದು, ನಿಲ್ಲಿಸುವುದು, ಮನೆಮನೆಯ ನೀರಿನ ರುಚಿ ನೋಡುವುದು ಅವನ ಕೆಲಸ. "ನಾಲಿಗೆ ಇದ್ದೋರ್ಗೆ ಸೈಕಾಲಜಿ ಯಾಕ್ ಮಗಾ? ಒಂದ್ ಗುಟುಕು ಕುಡುದ್ರೆ ಗೊತ್ತಾಯ್ತದೆ, ಆ ಮನೇಲಿ ಏನೈತೆ ಅಂತ" ಎನ್ನುತ್ತಿದ್ದ. ಅವನ ಕೆಲಸದಲ್ಲಿ ಅವನಿಗೇ ಹಿಡಿಸದ ಒಂದು ಭಾಗವಿತ್ತು. ಒಂದು ಮನೆಯಲ್ಲಿ ಒಂದೇ ಉಪ್ಪು ಹನ್ನೆರಡು ವರ್ಷ ನಿಂತರೆ ಆ ಮನೆಯ ನಲ್ಲಿ ಮುಚ್ಚಬೇಕೆಂಬುದು ಊರಿನ ಹಳೆಯ ಕಟ್ಟಳೆ. ನನ್ನ ಕಣ್ಣೆದುರೇ ಎರಡು ಮನೆಗಳದ್ದು ಮುಚ್ಚಿದ್ದರು. ನಲ್ಲಿ ಮುಚ್ಚಿದ ಮನೆಗೆ ಯಾರೂ ಒಂದು ಕೊಡ ನೀರು ಕೊಡುವುದಿಲ್ಲ. ವರ್ಷದೊಳಗೆ ಆ ಮನೆಯವರು ಸಾಮಾನು ಕಟ್ಟಿಕೊಂಡು ಹೊರಡುತ್ತಾರೆ. ಎಲ್ಲಿಗೆ ಎಂದು ಕೇಳಿದವರನ್ನು ನಾನು ಕಾಣೆ.

ಲೋಕಮ್ಮನವರ ಮನೆಯ ನೀರು ಉಪ್ಪಾಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿದ್ದವರು ಇಬ್ಬರೇ, ಅವರು ಮತ್ತು ಗಂಡ ಮರುಳಯ್ಯ. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿನಲ್ಲಿ ಸುಖವಾಗಿದ್ದಳು. ಮರುಳಯ್ಯನವರು ಮೂವತ್ತು ವರ್ಷ ಊರಿಗೆಲ್ಲ ಅಂಚೆ ಹಂಚಿ ನಿವೃತ್ತರಾದವರು. ಅವರಷ್ಟು ನಗುವವರು, ನಗಿಸುವವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಲೋಕಮ್ಮನವರದು ಮಾತು ಕಮ್ಮಿ. ಹೀಗಾಗಿ ಊರು ತಾನೇ ತೀರ್ಮಾನಿಸಿಬಿಟ್ಟಿತ್ತು, ಉಪ್ಪು ಹೆಂಗಸಿನದೇ ಎಂದು. ಮೊದಲ ಎರಡು ವರ್ಷ ಬೀದಿಯವರು ಮಜ್ಜಿಗೆ ತಂದು ಕೂತು ಕೇಳಿದರು, ಆಮೇಲೆ ಗದರಿಸಿದರು, ಆಮೇಲೆ ಬರುವುದನ್ನೇ ಬಿಟ್ಟರು.

ಕಾಲೇಜಿಗೆ ಸೇರಿ ತಿಂಗಳಾಗುವಷ್ಟರಲ್ಲಿ ಅವರು ನಮಗೆ ಲೋಕಕ್ಕ ಆಗಿದ್ದರು. ಒಂದು ದಿನ ಊಟದ ಡಬ್ಬಿ ಬಿಚ್ಚುವಾಗ ನಾನು ಕೇಳಿಯೇಬಿಟ್ಟೆ, "ಲೋಕಕ್ಕ, ಈ ವಯಸ್ಸಲ್ಲಿ ನಿಮಗೆ ಈ ಓದು ಯಾಕೆ?" ಅವರು ತುತ್ತು ನುಂಗಿ ಹೇಳಿದರು: "ಎಲ್ಲರೂ ಆ ಉಪ್ಪು ನಿಂದೇ ಅಂದ್ರು ಕಣೆ ಇಂದ್ರಿ. ನಾನೂ ಇರಬೇಕು ಅಂದ್ಕೊಂಡೆ. ಒಂಬತ್ತು ವರ್ಷ ನನ್ನೊಳಗೇ ಹುಡುಕಿದೀನಿ. ಬೇಜಾರುಗಳಿವೆ, ಯಾರಿಗಿಲ್ಲ? ಅಮ್ಮ ಸತ್ತಿದ್ದು, ಬಾಲವಾಡಿ ಟೀಚರ್ ತರಬೇತಿಗೆ ಅರ್ಜಿ ಹಾಕಿ ಸೀಟು ಸಿಗದೇ ಇದ್ದದ್ದು. ಅದಕ್ಕೆಲ್ಲ ಅವತ್ತವತ್ತೇ ಅತ್ತು ಮುಗಿಸಿದೀನಿ. ಇಷ್ಟು ಉಪ್ಪು ಕೊಡೋವಂಥದ್ದು ನನ್ನ ಹತ್ರ ಏನೂ ಸಿಗಲಿಲ್ಲ. ಬಹುಶಃ ಹುಡುಕೋ ರೀತೀನೇ ನನಗೆ ಗೊತ್ತಿಲ್ಲವೇನೋ, ಕಲಿಯೋಣ ಅಂತ ಬಂದೆ." ನಾನು ಈ ವಿಷಯ ತೆಗೆದುಕೊಂಡದ್ದು ಪಕ್ಕದ ಊರಿನ ಕಾಲೇಜಿನಲ್ಲಿ ಸೀಟು ಸಿಗಲಿಲ್ಲವೆಂದು. ಅದನ್ನು ಆ ದಿನ ಅವರೆದುರು ಹೇಳಿಕೊಳ್ಳಲು ನಾಚಿಕೆಯಾಯಿತು.

ನಮ್ಮ ವಿಭಾಗವೆಂದರೆ ಸಸ್ಯಶಾಸ್ತ್ರದವರ ಒಣ ಎಲೆಗಳ ಕೋಣೆಯ ಪಕ್ಕದ ಒಂದು ಸಣ್ಣ ಕೋಣೆ, ಒಬ್ಬರೇ ಮೇಷ್ಟ್ರು. ಕಪಾಟಿನಲ್ಲಿ ಕನ್ನಡಿಯೊಳಗೆ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಪೆಟ್ಟಿಗೆ, ಅರ್ಥವಿಲ್ಲದ ಪದಗಳನ್ನು ಒಂದೊಂದಾಗಿ ತೋರಿಸುವ ತಿರುಗುಡಬ್ಬ, ಎರಡು ಸ್ಟಾಪ್‌ವಾಚು. ಮೇಷ್ಟ್ರು ಪಾರ್ಶ್ವನಾಥ ಸರ್ ಎತ್ತರದ, ತೆಳ್ಳಗಿನ ಮನುಷ್ಯ. ಸೀಮೆಸುಣ್ಣವನ್ನು ಕೊನೆಯ ಚೂರಿನವರೆಗೂ ಬಳಸುವವರು. ಮೊದಲ ಪಾಠದಲ್ಲೇ ಹೇಳಿದ್ದರು, "ಮನಸ್ಸು ಓದೋ ವಿದ್ಯೆ ಕಲಿಯೋಕೆ ಬಂದಿದ್ರೆ ಈಗಲೇ ಎದ್ದು ಹೋಗಿ. ಇಲ್ಲಿ ಕಲಿಸೋದು ಕೇಳಿಸಿಕೊಳ್ಳೋದನ್ನ, ಅಳೆಯೋದನ್ನ, ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನೋದನ್ನ." ದಾದಾಪೀರ್ ಅರ್ಧ ಎದ್ದು ಮತ್ತೆ ಕೂತ.

ಪ್ರತಿ ಪ್ರಯೋಗದ ಕೊನೆಗೆ, ಅದರಲ್ಲಿ ಭಾಗವಹಿಸಿದ ಮನುಷ್ಯ ತನಗೇನಾಯಿತೆಂದು ಹೇಳಿದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ನಾನೂ ದಾದಾಪೀರನೂ ಹಿಂದಿನ ವರ್ಷದವರ ಪುಸ್ತಕ ನೋಡಿ, ಪ್ರಯೋಗವು ಆಸಕ್ತಿದಾಯಕವಾಗಿತ್ತು ಎಂದು ಬರೆದುಕೊಟ್ಟೆವು. ಸರ್ ಅದನ್ನು ಮೇಜಿನ ಆಚೆ ತುದಿಗೆ ತಳ್ಳಿದರು. ಲೋಕಕ್ಕನದನ್ನು ಮಾತ್ರ ಎರಡು ಸಲ ಓದಿದರು. ಕನ್ನಡಿ ಪ್ರಯೋಗಕ್ಕೆ ಅವರು ಕೂರಿಸಿಕೊಂಡಿದ್ದು ಕಾಲೇಜಿನ ಜವಾನ ನಾಗಯ್ಯನನ್ನು. ಪುಟದಲ್ಲಿ ನಾಗಯ್ಯನ ಮಾತು ಹಾಗೆ ಹಾಗೇ ಇತ್ತು: "ಕೈ ನಂದೇ, ಆದ್ರೆ ನನ್ ಮಾತು ಕೇಳ್ತಿರ್ಲಿಲ್ಲ. ನಮ್ಮಪ್ಪ ಕುಡುದ್ ಬಂದಾಗ ಹಿಂಗೇ ಆಡ್ತಿದ್ದ, ನಾವೆಲ್ಲ ನಗ್ತಿದ್ವಿ. ಪಾಪ, ಅವಂಗೂ ಹಿಂಗೇ ಆಯ್ತಿತ್ತೇನೋ." ಸರ್ ಕನ್ನಡಕ ತೆಗೆದು, "ಇದನ್ನ ಹೇಗೆ ಹೇಳಿಸಿದ್ರಿ?" ಎಂದು ಕೇಳಿದರು. ಲೋಕಕ್ಕನಿಗೆ ತಪ್ಪು ಮಾಡಿದೆನೇನೋ ಎಂದು ಗಾಬರಿ. "ಹೇಳಿಸಲಿಲ್ಲ ಸರ್. ಅವರು ಸುಮ್ಮನಾದ್ರು. ನಾನೂ ಸುಮ್ಮನಿದ್ದೆ. ಆಮೇಲೆ ಅವರೇ ಹೇಳಿದ್ರು."

ಎಲ್ಲದರಲ್ಲೂ ಅವರು ಹೀಗೆ ಮುಂದಿದ್ದರು ಎಂದರೆ ಸುಳ್ಳಾಗುತ್ತದೆ. ಸಂಖ್ಯಾಶಾಸ್ತ್ರ ಅವರ ಪಾಲಿಗೆ ಕಬ್ಬಿಣದ ಕಡಲೆ. ಮೂವತ್ತು ವರ್ಷದ ಹಿಂದೆ ಬಿಟ್ಟ ಗಣಿತ ಅವರಿಗೆ ಒಂಚೂರೂ ಒಲಿಯುತ್ತಿರಲಿಲ್ಲ. ಮೀಡಿಯನ್ ಎಂದರೇನೆಂದು ತಿಳಿಯಲು ಅಡುಗೆಮನೆಯಲ್ಲಿ ಕಾಳುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ನಡುವಿನದನ್ನು ಎತ್ತಿ ನೋಡುತ್ತಿದ್ದರಂತೆ. ವರ್ಗಮೂಲ ತೆಗೆಯುವುದನ್ನು ದಾದಾಪೀರ್ ಅವರಿಗೆ ಹದಿನೇಳು ಸಲ ಹೇಳಿಕೊಟ್ಟ. ಲೆಕ್ಕ ಇಟ್ಟವಳು ನಾನು. ಹದಿನೇಳನೆಯ ಸಲ ಸರಿ ಉತ್ತರ ಬಂದಾಗ ಅವರು ಆ ಹಾಳೆಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡರು. ಕಲಿಯುವ ಆಸೆಯನ್ನು ಅಷ್ಟು ಹತ್ತಿರದಿಂದ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮೂರನೆಯ ವರ್ಷದಲ್ಲಿ ಒಂದು ಮನೆಯನ್ನು ಆಯ್ದುಕೊಂಡು ಆರು ತಿಂಗಳು ಹೋಗಿಬಂದು ವರದಿ ಬರೆಯಬೇಕಿತ್ತು. ಲೋಕಕ್ಕ ತಮ್ಮ ಮನೆಯನ್ನೇ ತೆಗೆದುಕೊಳ್ಳುತ್ತೇನೆಂದಾಗ ಸರ್ ಒಪ್ಪಲಿಲ್ಲ. "ನಮ್ಮ ಬೆನ್ನು ನಮಗೆ ಕಾಣಲ್ಲಮ್ಮ. ಇಂದ್ರಾಣಿ ತಗೊಳ್ಳಲಿ." ಹೀಗೆ ಆ ಮನೆ ನನ್ನ ಪಾಲಿಗೆ ಬಂತು. ಹನ್ನೆರಡು ವರ್ಷ ತುಂಬಲು ಉಳಿದಿದ್ದದ್ದು ಏಳೇ ತಿಂಗಳು. ಅಪ್ಪ ಆ ವಿಷಯ ಎತ್ತುತ್ತಿರಲಿಲ್ಲ. ಆದರೆ ನಾನು ಲೋಕಕ್ಕನ ಮನೆಗೆ ಹೊರಟ ಭಾನುವಾರಗಳಲ್ಲಿ ನನ್ನ ಮುಖ ನೋಡದೆ ಹೊರಗೆ ಹೋಗಿಬಿಡುತ್ತಿದ್ದ.

ಮರುಳಯ್ಯನವರು ಬಾಗಿಲಲ್ಲೇ ನಿಂತು, "ಬನ್ನಿ ಡಾಕ್ಟರಮ್ಮ, ನಾಲಿಗೆ ತೋರಿಸಲಾ?" ಎಂದು ಶುರು ಮಾಡುತ್ತಿದ್ದರು. ಕೇಳಿದ ಪ್ರಶ್ನೆಗೆಲ್ಲ ಉತ್ತರವಿತ್ತು, ಉತ್ತರಕ್ಕೆಲ್ಲ ಒಂದು ತಮಾಷೆಯ ಬಾಲವಿತ್ತು. ಆರು ತಿಂಗಳು ಆಗುತ್ತ ಬಂದರೂ ನನ್ನ ಪುಸ್ತಕದಲ್ಲಿ ತಮಾಷೆಗಳ ಹೊರತು ಏನೂ ಸೇರಲಿಲ್ಲ. ಆ ಹೊತ್ತಿಗೆ ಕಾಲೇಜಿನಲ್ಲಿ ಪದ ಹೇಳಿದರೆ ಪದ ಹೇಳುವ ಪ್ರಯೋಗ ಬಂತು. ನಾವು ಒಂದು ಪದ ಹೇಳುತ್ತೇವೆ. ಎದುರು ಕೂತವರು ಮನಸ್ಸಿಗೆ ಮೊದಲು ಬಂದ ಪದವನ್ನು ತಕ್ಷಣ ಹೇಳಬೇಕು. ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಬೇಕು. ಪ್ರಯೋಗಕ್ಕೆ ಮರುಳಯ್ಯನವರನ್ನೇ ಕರೆದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವೆಗೆ ಬಂದವರಂತೆ ಬಂದರು.

ಮರ ಎಂದೆ, ನೆರಳು ಎಂದರು. ಹಾಲು ಎಂದೆ, ಬೆಕ್ಕು. ರೈಲು, ಸೀಟಿ. ಎಲ್ಲ ಎರಡು ಸೆಕೆಂಡಿನೊಳಗೆ. ಇಪ್ಪತ್ತಮೂರನೆಯ ಪದ ಕಾಗದ. ಜೀವಮಾನವೆಲ್ಲ ಕಾಗದ ಹಂಚಿದ ಮನುಷ್ಯ, ಇನ್ನೂ ಬೇಗ ಹೇಳುತ್ತಾರೆಂದುಕೊಂಡೆ. ಅವರು ಬಾಯಿ ತೆರೆದರು, ಮುಚ್ಚಿದರು. ಮುಳ್ಳು ಹನ್ನೊಂದು ಸೆಕೆಂಡು ದಾಟಿತು. "ಒಲೆ" ಎಂದರು. ಆಮೇಲಿನ ಮೂರು ಪದಗಳಿಗೂ ತಡವರಿಸಿದರು. ಪಟ್ಟಿ ಮುಗಿದ ಮೇಲೆ ಅದೇ ಪದಗಳನ್ನು ಇನ್ನೊಮ್ಮೆ ಹೇಳಿ, ಮೊದಲು ಕೊಟ್ಟ ಉತ್ತರಗಳನ್ನು ನೆನಪಿಸಿಕೊಳ್ಳಲು ಹೇಳಬೇಕು. ಉಳಿದ ನಲವತ್ತೊಂಬತ್ತೂ ಸರಿಯಾಗಿ ಹೇಳಿದರು. ಕಾಗದಕ್ಕೆ ಮಾತ್ರ, "ಅಂಚೆ ಅಂದಿರಬೇಕು" ಎಂದರು.

ಲೋಕಕ್ಕನಿಗೆ ಬಾರದೇ ಹೋದ ತರಬೇತಿ ಸೀಟಿನ ಮಾತು ನನಗೆ ನೆನಪಿತ್ತಲ್ಲ. ಓಡಿಹೋಗಿ ಸರ್‌ಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಒಂದು ಪದ ಹಿಡಿದು ಮನುಷ್ಯನನ್ನ ಓದಿಬಿಟ್ಟೆ ಅಂದ್ಕೊಂಡ್ರೆ ನೀನು ಜ್ಯೋತಿಷಿ" ಎಂದರು. "ಅಲ್ಲಿ ಏನೋ ಇದೆ, ಅಷ್ಟೇ ನಿನಗೆ ಗೊತ್ತಾಗಿರೋದು. ಅದು ಅವರ ಬಾಗಿಲು. ತಟ್ಟಬೇಡ, ಇನ್ನೊಬ್ಬರಿಗೆ ತೋರಿಸಲೂಬೇಡ. ಲೋಕಮ್ಮನವರಿಗೆ ಹೇಳಿದೆಯೋ, ನಾಳೆಯಿಂದ ಕ್ಲಾಸಿಗೆ ಬರಬೇಡ."

ಹೇಳಲಿಲ್ಲ. ಆದರೆ ಇನ್ನೊಂದು ತಪ್ಪು ಮಾಡಿದೆ. ಮುಂದಿನ ಭಾನುವಾರ ಲೋಕಕ್ಕ ಹಿತ್ತಲಿನಲ್ಲಿದ್ದಾಗ, ತಮಾಷೆ ಶುರು ಮಾಡಿದ ಮರುಳಯ್ಯನವರನ್ನು ತಡೆದು, "ಒಲೆಗೆ ಹಾಕಿದ ಕಾಗದ ಯಾವುದು? ನೀವೇ ಹೇಳಿಬಿಡಿ, ಇನ್ನು ಒಂದೇ ತಿಂಗಳು ಉಳಿದಿರೋದು" ಎಂದೆ. ಅವರ ಮುಖದಲ್ಲಿ ನಗು ಹಾಗೇ ಇತ್ತು, ಅದರ ಹಿಂದೆ ಮನುಷ್ಯ ಇರಲಿಲ್ಲ. "ಇನ್ಮೇಲೆ ಬರಬೇಡಮ್ಮ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಬೀದಿಯವರು ಮಜ್ಜಿಗೆ ಹಿಡಿದು ಬಂದು ಕೇಳುತ್ತಿದ್ದುದಕ್ಕೂ ನಾನು ಕೇಳಿದ್ದಕ್ಕೂ ಏನು ವ್ಯತ್ಯಾಸ? ಮೂರು ವರ್ಷ ಓದಿ ನಾನು ಮಜ್ಜಿಗೆಯನ್ನೂ ಒಯ್ದಿರಲಿಲ್ಲ.

ಮರುದಿನ ಬೆಂಚಿನ ಮೇಲೆ ಲೋಕಕ್ಕನ ಪಕ್ಕ ಕೂತು, "ನಿಮ್ಮನೆಗೆ ಬರೋಕಾಗಲ್ಲ ಲೋಕಕ್ಕ, ಯಾಕೆ ಅಂತ ಕೇಳಬೇಡಿ" ಎಂದೆ. ಅವರು ನನ್ನನ್ನು ತುಂಬ ಹೊತ್ತು ನೋಡಿದರು. "ಕೇಳಲ್ಲ. ನೀನು ಹೇಳಲೂಬೇಡ. ಆದ್ರೆ ಒಂದಂತೂ ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿದೆ. ಅದು ನನ್ನದಲ್ಲ, ಅಲ್ವಾ?" ನಾನು ತಲೆ ತಗ್ಗಿಸಿದೆ. ಹನ್ನೆರಡು ವರ್ಷ ಊರೆಲ್ಲ ಅವರ ತಲೆಗೆ ಕಟ್ಟಿದ್ದು ಅವರದಲ್ಲವೆಂದು ತಿಳಿದ ಗಳಿಗೆಯಲ್ಲಿ ಅವರು ಹಗುರಾಗುತ್ತಾರೆಂದುಕೊಂಡಿದ್ದೆ. ಅವರ ಬಾಯಿಂದ ಬಂದ ಮಾತು ಇದು: "ಅಯ್ಯೋ, ಇಷ್ಟು ವರ್ಷ ಅವರೊಬ್ಬರೇ ಇಟ್ಕೊಂಡಿದ್ರಾ?"

ಅದು ಅವರೆಕಾಯಿಯ ಕಾಲ. ಅವತ್ತಿನಿಂದ ಲೋಕಕ್ಕ ಕಾಲೇಜು ಮುಗಿಸಿ ಮನೆಗೆ ಹೋದವರೇ ನೆನೆಸಿಟ್ಟ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಗಂಡನ ಎದುರು ಕೂರತೊಡಗಿದರು. ಉಪ್ಪು ನೀರಿನಲ್ಲಿ ನೆನೆದ ಕಾಳು ಸುಲಭವಾಗಿ ಸಿಪ್ಪೆ ಬಿಡುವುದಿಲ್ಲ. ಒಂದು ಪಾವು ಹಿತುಕಲು ಇಡೀ ಮಧ್ಯಾಹ್ನ ಬೇಕು. ಮರುಳಯ್ಯನವರು ತಮಾಷೆ ಮಾಡಿದರೆ ಇವರು ನಗುತ್ತಿದ್ದರಂತೆ. ತಮಾಷೆ ನಿಂತರೆ ಇವರೂ ಸುಮ್ಮನೆ. ಏನನ್ನೂ ಕೇಳಲಿಲ್ಲ. ಮೊದಲ ವಾರ ತಮಾಷೆಗಳು ಹೆಚ್ಚಾದವು, ಎರಡನೆಯ ವಾರ ಕಮ್ಮಿಯಾದವು, ಮೂರನೆಯ ವಾರ ಇಬ್ಬರ ನಡುವೆ ಕಾಳು ಪಾತ್ರೆಗೆ ಬೀಳುವ ಸದ್ದು ಮಾತ್ರ ಉಳಿಯಿತು. ಪರೀಕ್ಷೆ ಹತ್ತಿರ ಬಂದಿತ್ತು, ಸಂಖ್ಯಾಶಾಸ್ತ್ರ ಹಾಗೇ ಬಿದ್ದಿತ್ತು. "ಓದ್ಕೊಳ್ಳಿ ಲೋಕಕ್ಕ" ಎಂದು ದಾದಾಪೀರ್ ಗೋಗರೆದರೆ, "ಇದೂ ಓದೇ ಕಣಪ್ಪ" ಎನ್ನುತ್ತಿದ್ದರು.

ಮುಂದಿನದನ್ನು ಲೋಕಕ್ಕನೇ ನನಗೆ ಹೇಳಿದರು. ಬರೆಯುವುದಕ್ಕೆ ಈಗ ಇಬ್ಬರ ಒಪ್ಪಿಗೆಯೂ ಇದೆ. ಹತ್ತೊಂಬತ್ತನೆಯ ದಿನ ಮರುಳಯ್ಯನವರು ಕಾಳಿನಿಂದ ಕಣ್ಣೆತ್ತದೆ, "ಲೋಕಿ, ನಿನಗೆ ಸೀಟು ಸಿಕ್ಕಿತ್ತು" ಎಂದರಂತೆ. ಲೋಕಕ್ಕನ ಬೆರಳು ನಿಲ್ಲಲಿಲ್ಲ. "ಕಾಗದ ನನ್ನ ಚೀಲದಲ್ಲೇ ಬಂತು. ಮಗಳು ಅದೇ ತಾನೇ ಗಂಡನ ಮನೆಗೆ ಹೋಗಿದ್ಲು. ನೀನೂ ಹೋಗಿಬಿಡ್ತೀಯ ಅನ್ನಿಸ್ತು. ಒಂದೇ ವರ್ಷದ ತರಬೇತಿ ಅಂತ ಗೊತ್ತಿತ್ತು. ಗೊತ್ತಿದ್ದೂ ಒಲೆಗೆ ಹಾಕಿದೆ. ಮೂವತ್ತು ವರ್ಷ ಲೋಕಿ, ಒಬ್ಬರದೂ ಒಂದು ಕಾರ್ಡು ತಪ್ಪಿಸಿದೋನಲ್ಲ ನಾನು. ನಿನ್ನದೊಂದೇ." ಆಮೇಲೆ ಅವರು ಅತ್ತರು, ನಿಲ್ಲಿಸಿದರು, ಮತ್ತೆ ಹೇಳಿದರು. ಆ ಕಾಗದದಲ್ಲಿ ಹೆಂಡತಿಯ ಹೆಸರನ್ನು ಎಷ್ಟು ಚೆಂದವಾಗಿ ಟೈಪ್ ಮಾಡಿದ್ದರೆಂಬುದನ್ನೂ ಹೇಳಿದರು. ಅವಳು ಚೀಲ ಹಾಕಿಕೊಂಡು ಕಾಲೇಜಿಗೆ ಹೊರಟ ಪ್ರತಿ ಬೆಳಗ್ಗೆ ತನಗೆ ಏನಾಗುತ್ತಿತ್ತೆಂದೂ ಹೇಳಿದರು. ಲೋಕಕ್ಕ ನಡುವೆ ಒಂದೇ ಒಂದು ಮಾತಾಡಲಿಲ್ಲ. "ಹೇಗೆ ಸುಮ್ಮನಿದ್ರಿ?" ಎಂದು ನಾನು ಕೇಳಿದ್ದಕ್ಕೆ, "ಅವರು ಹೇಳಿ ಮುಗಿಸೋವರೆಗೂ ನಾನು ಅವರ ಹೆಂಡತಿ ಆಗಿರಲಿಲ್ಲ ಕಣೆ. ಮುಗಿದ ಮೇಲೆ ಆದೆ" ಎಂದರು. ಮುಗಿದ ಮೇಲೆ ಎದ್ದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿದ್ದೆ ಮಾಡದೆ ಬೆಳಗಾಗುವವರೆಗೂ ಕೂತಿದ್ದರಂತೆ.

ಮರುದಿನ ಬೆಳಗ್ಗೆ ಆ ಮನೆಯ ನೀರು ಸಿಹಿಯಾಗಿತ್ತು. ಮರುಳಯ್ಯನವರು ತಂಬಿಗೆ ಹಿಡಿದು ಬೀದಿಗೆ ಓಡಿಬಂದು ಸಿಕ್ಕಸಿಕ್ಕವರಿಗೆಲ್ಲ ಕುಡಿಸಿದರು. ಬೀದಿಯವರು ಸಂತೋಷದಿಂದ ಲೋಕಕ್ಕನ ಕೈ ಹಿಡಿದು, ಅಂತೂ ಹೇಳಿಕೊಂಡೆಯಲ್ಲ ತಾಯಿ ಎಂದರು. ಲೋಕಕ್ಕ ಅವರನ್ನು ತಿದ್ದಲಿಲ್ಲ. ಅದರ ಮಾರನೆಯ ದಿನ ನೀರು ಮತ್ತೆ ಉಪ್ಪಾಯಿತು, ಮೊದಲಿಗಿಂತ ಹೆಚ್ಚು.

ಹನ್ನೆರಡು ವರ್ಷ ತುಂಬಿದ ದಿನ ಅಪ್ಪ ನಲ್ಲಿ ಮುಚ್ಚುವ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಹೊರಟ. ನಾನೂ ಹಿಂದೆ ಹೋದೆ. ಸಾಕ್ಷಿಗೆ ಬೀದಿಯ ಏಳೆಂಟು ಜನ ಸೇರಿದ್ದರು. ಅಪ್ಪ ಒಂದು ಗುಟುಕು ಕುಡಿದು, ನೆಲ ನೋಡುತ್ತ, "ಉಪ್ಪೈತೆ ಮರುಳಯ್ಯನೋರೆ" ಎಂದ. ಮರುಳಯ್ಯನವರು ಕೈಮುಗಿದರು. "ಮೊನ್ನೆ ಒಂದಿನ ಸಿಹಿಯಾಗಿತ್ತು ಕೆಂಚಪ್ಪ, ಇಡೀ ಬೀದಿ ಕುಡಿದಿದೆ." ಎದುರುಮನೆಯಾಕೆ, "ಒಂದಿನ ಬಿಟ್ಟು ಅದೇ ವಾಪಸ್ ಬಂತಲ್ಲ" ಎಂದಳು. ಆಗ ಒಳಗಿನಿಂದ ಲೋಕಕ್ಕ ಬಂದರು, ಸಂಖ್ಯಾಶಾಸ್ತ್ರದ ಪುಸ್ತಕದ ಪುಟದ ನಡುವೆ ಬೆರಳಿಟ್ಟುಕೊಂಡು.

"ಅದೇ ಅಲ್ಲ" ಎಂದರು. "ಹನ್ನೆರಡು ವರ್ಷ ಇದ್ದದ್ದು ಇವರದು. ಅದು ಹೋಯ್ತು. ಇದು ನನ್ನದು. ಬಂದು ನಾಲ್ಕು ದಿನ ಆಯ್ತು. ಕಟ್ಟಳೆ ಇರೋದು ಒಂದೇ ಉಪ್ಪಿಗೆ."

"ಏನ್ ದುಃಖಾನಮ್ಮ? ಹೇಳ್ಬಿಡು, ಹೋಯ್ತದೆ" ಎಂದಳು ಎದುರುಮನೆಯಾಕೆ, ಪದ್ಧತಿಯಂತೆ.

"ಹೇಳೋ ದಿನ ಹೇಳ್ತೀನಿ. ಈಗ ಹೇಳಲ್ಲ. ನನಗಿನ್ನೂ ಹನ್ನೆರಡು ವರ್ಷ ಟೈಮಿದೆ."

ಮರುಳಯ್ಯನವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ತಾನು ಮಾಡಿದ್ದನ್ನು ಬೀದಿಯ ಮುಂದೆ ಹೇಳುತ್ತಾಳೆಂದು ಅವರು ಕಾದಿದ್ದರು ಎನ್ನಿಸುತ್ತದೆ. ಲೋಕಕ್ಕ ಹೇಳಲಿಲ್ಲ. ಅಪ್ಪ ಇನ್ನೊಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ನಿಂತಿದ್ದ. "ಬ್ಯಾರೇನೇ ಕಣಪ್ಪ" ಎಂದ ಕೊನೆಗೆ. "ಹಳೇದು ನಾಲ್ಗೆ ತುದೀಲೇ ಕಚ್ಕೋತಿತ್ತು. ಇದು ಗಂಟ್ಲಾಗ್ ಇಳುದ್ಮ್ಯಾಲೆ ಗೊತ್ತಾಯ್ತದೆ. ನಲವತ್ ವರ್ಸ ಊರ್ ನೀರು ಕುಡ್ದಿವ್ನಿ, ಉಪ್ಪಲ್ಲಿ ಉಪ್ಪಿಗೆ ಯತ್ಯಾಸ ಐತೆ ಅಂತ ಇವತ್ತೇ ನಂಗೆ ತಿಳುದಿದ್ದು." ಕೀಲಿಯನ್ನು ಮತ್ತೆ ಹೆಗಲಿಗೆ ಏರಿಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ.

ನನ್ನ ವರದಿಯಲ್ಲಿ ಆ ಮನೆಯ ಗುಟ್ಟು ಬರೆಯಲಿಲ್ಲ. ನಾನು ತಟ್ಟಬಾರದ ಬಾಗಿಲನ್ನು ತಟ್ಟಿದ್ದನ್ನು ಮಾತ್ರ ಬರೆದೆ. ಪಾರ್ಶ್ವನಾಥ ಸರ್ ಓದಿ, "ಇದಕ್ಕೆ ಅಂಕ ಕಮ್ಮಿ ಬರುತ್ತೆ" ಎಂದರು. ಕಮ್ಮಿಯೇ ಬಂತು. ಲೋಕಕ್ಕನ ವರದಿ ಜವಾನ ನಾಗಯ್ಯನ ಮನೆಯದು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದನ್ನು ತಮ್ಮ ವಿದ್ಯಾರ್ಥಿಗಳಿಗೆ ಓದಿ ಹೇಳಲು ಕೇಳಿ ತೆಗೆದುಕೊಂಡು ಹೋದರು. ಎಲ್ಲ ವಿಷಯದಲ್ಲೂ ಲೋಕಕ್ಕ ಪಾಸು, ಸಂಖ್ಯಾಶಾಸ್ತ್ರ ಒಂದನ್ನು ಬಿಟ್ಟು.

ಆ ಮನೆಯ ನೀರು ಉಪ್ಪಾಗಿಯೇ ಇತ್ತು. ಏನು ಮಾಡಲಿ ಎಂದು ಮರುಳಯ್ಯನವರು ಕೇಳಿದ್ದಕ್ಕೆ ಲೋಕಕ್ಕ, "ಅಡುಗೆ ಮಾಡಿ, ನನಗೆ ಪರೀಕ್ಷೆ ಇದೆ" ಎಂದರಂತೆ. ಅವರು ಮಾಡಿದರು. ಬೇಯದ ಬೇಳೆ, ಮುದ್ದೆಯಾದ ಅನ್ನ. ಕ್ಷಮಿಸಿದೆಯಾ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಕೋಪ ಬಂದ ದಿನ ಲೋಕಕ್ಕ ಕೋಪ ಮಾಡುತ್ತಿದ್ದರು. ಕೈತಪ್ಪಿದ ಆ ತರಬೇತಿಯ ಒಂದು ವರ್ಷ ತಮಗೆ ಎಷ್ಟು ದೊಡ್ಡದಾಗಿತ್ತು, ತಮ್ಮ ಬಾಲವಾಡಿಯಲ್ಲಿ ಯಾವ ಮಕ್ಕಳಿರುತ್ತಿದ್ದರು ಎಂದು ಒಂದೊಂದೇ ಹೇಳುತ್ತಿದ್ದರು. ಎಂಟು ತಿಂಗಳಾದ ಮೇಲೆ, ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ, ನೀರು ಸಿಹಿಯಾಯಿತು. ಅವತ್ತು ಯಾರೂ ತಂಬಿಗೆ ಹಿಡಿದು ಬೀದಿಗೆ ಓಡಲಿಲ್ಲ.

ಸಂಖ್ಯಾಶಾಸ್ತ್ರದ ಮರುಪರೀಕ್ಷೆಯ ದಿನ ನಾನು ಕಾಲೇಜಿನ ಗೇಟಿನ ಹತ್ತಿರ ಹೋಗಿದ್ದೆ. ಮರುಳಯ್ಯನವರು ಟಿಫಿನ್ ಡಬ್ಬಿ ಹಿಡಿದುಕೊಂಡು ಬಿಸಿಲಿನಲ್ಲಿ ಆಗಲೇ ನಿಂತಿದ್ದರು. ನನ್ನನ್ನು ಕಂಡು ತಲೆಯಾಡಿಸಿದರು, ಡಾಕ್ಟರಮ್ಮ ಎನ್ನಲಿಲ್ಲ. ಲೋಕಕ್ಕ ಹೊರಗೆ ಬಂದವರೇ, ನಾವು ಕೇಳುವ ಮೊದಲೇ ಶುರು ಮಾಡಿದರು. ಐದನೆಯ ಪ್ರಶ್ನೆ ಹೇಗಿತ್ತು, ಸಹಸಂಬಂಧದ ಲೆಕ್ಕದಲ್ಲಿ ಎಲ್ಲಿ ತಡವರಿಸಿದೆ, ಎಲ್ಲಿ ಹಿಡಿತ ಸಿಕ್ಕಿತು. ಮಾತು ಕಮ್ಮಿಯ ಹೆಂಗಸು ಹಾಗೆ ಮಾತಾಡುತ್ತಿದ್ದುದನ್ನು ನಾನು ಅದೇ ಮೊದಲು ಕೇಳಿದ್ದು. ಮರುಳಯ್ಯನವರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಒಂದೂ ತಮಾಷೆ ಮಾಡದೆ ಕೇಳುತ್ತ ನಡೆದರು. ರಸ್ತೆಯ ನಡುವೆ ಲೋಕಕ್ಕ ನಿಂತುಬಿಟ್ಟರು. "ಹೀಗೆ ಹೇಳಿದ್ರೆ ತಿಳಿಯಲ್ಲ, ನೋಡಿ" ಎಂದು ಕುಕ್ಕರಗಾಲಲ್ಲಿ ಕೂತು ಧೂಳಿನಲ್ಲಿ ಬೆರಳಿನಿಂದ ಚುಕ್ಕಿಗಳನ್ನು ಇಡತೊಡಗಿದರು. ಮರುಳಯ್ಯನವರೂ ಪಕ್ಕದಲ್ಲಿ ಕೂತರು. ಸೈಕಲ್ಲುಗಳು ಗಂಟೆ ಹೊಡೆದು ಸುತ್ತಿಕೊಂಡು ಹೋದವು.

"ಇದು ಏರಿದಾಗ ಅದೂ ಏರತ್ತೆ, ಅಷ್ಟೇ ಇದರಿಂದ ಗೊತ್ತಾಗೋದು. ಇದರಿಂದಲೇ ಅದು ಆಯ್ತು ಅಂತ ಹೇಳೋಕಾಗಲ್ಲ."

ಮರುಳಯ್ಯನವರು ಚುಕ್ಕಿಗಳನ್ನು ನೋಡಿದರು. "ಮತ್ತೆ ಯಾವುದರಿಂದ ಆಯ್ತು ಅಂತ ಹೇಗೆ ಗೊತ್ತಾಗತ್ತೆ?"

"ಅದನ್ನ ಎಂ.ಎ.ಲಿ ಹೇಳ್ಕೊಡ್ತಾರಂತೆ. ಇಲ್ಲಿಲ್ಲ, ದೂರದ ಊರಲ್ಲಿ. ಎರಡು ವರ್ಷ."

ಅವರು ಕೊನೆಯ ಚುಕ್ಕಿಯ ಪಕ್ಕ ತಮ್ಮ ಬೆರಳಿನಿಂದ ಇನ್ನೊಂದು ಚುಕ್ಕಿ ಇಟ್ಟರು. ಆಮೇಲೆ, "ಹಾಗಾದ್ರೆ ಅರ್ಜಿ ಹಾಕು, ಲೋಕಿ" ಎಂದರು.

ಲೋಕಕ್ಕ ಗಂಡನ ಮುಖ ನೋಡಿದರು. "ಹಾಕ್ತೀನಿ" ಎಂದರು. ಕೈಗೆ ಮೆತ್ತಿದ್ದ ಧೂಳನ್ನು ಕೊಡವಿಕೊಂಡು, ಅಲ್ಲೇ ರಸ್ತೆಯ ಪಕ್ಕದ ಮೋರಿಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ, ನನಗೂ ಒಂದು ತುತ್ತು ಕೊಟ್ಟರು.